ಹಳದಿ ಗೆರೆಯ ಮೇಲೆ ನಡೆದ ಇಬ್ಬರು

ಸೇಡು ತೀರಿಸಿಕೊಳ್ಳುವುದಕ್ಕೆಂದೇ ನೌಕಾಪಡೆಯ ಡಾಕ್ಟರಾದವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ಒಬ್ಬಳನ್ನು ನೋಡಿದ್ದೇನೆ. ಸೇವೆ, ತ್ಯಾಗ ಎಂದೆಲ್ಲ ಅವಳು ಬಾಯಿ ಬಿಟ್ಟು ಹೇಳಿದ್ದು ಒಂದೇ ಒಂದು ಸಲ, ನೌಕಾಪಡೆಯ ಸಂದರ್ಶನದಲ್ಲಿ. ಅದನ್ನು ಬಿಡಿ, ಸಂದರ್ಶನದಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಅವಳ ಹೊಟ್ಟೆಯೊಳಗೆ ಇದ್ದದ್ದು ಬೇರೆ. ಒಬ್ಬ ಮನುಷ್ಯನನ್ನು ಹಿಡಿಯಬೇಕಿತ್ತು, ಅವನನ್ನು ಹಿಡಿಯಲು ಡಾಕ್ಟರಿಕೆ ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಅವಳ ತಮ್ಮ ನೌಕಾಪಡೆಯ ಡೈವರ್. ನೀರಿನಡಿ ಇಳಿದು ಹಡಗಿನ ತಳ ಉಜ್ಜುವುದು, ಬಿದ್ದದ್ದನ್ನು ಹುಡುಕುವುದು, ಕಟ್ಟಿ ಎತ್ತುವುದು ಅವನ ಕೆಲಸ. ಆಳದಲ್ಲಿ ಉಸಿರಾಡಿದ ಗಾಳಿ ಒತ್ತಡಕ್ಕೆ ರಕ್ತದೊಳಗೆ ಕರಗಿ ಕೂತಿರುತ್ತದೆ. ಮೇಲೆ ಬರುವಾಗ ದಾರಿಯಲ್ಲಿ ತಡೆದು ತಡೆದು ಬಂದರೆ ಸದ್ದಿಲ್ಲದೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ದಡಬಡ ಬಂದರೋ, ಸೋಡಾ ಬಾಟಲಿ ತೆರೆದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಆ ಗುಳ್ಳೆ ಬೆನ್ನುಹುರಿಯಲ್ಲಿ ಸಿಕ್ಕಿಕೊಂಡರೆ ಕಾಲು ಹೋಯಿತೆಂದೇ ಲೆಕ್ಕ. ಮದ್ದು ಒಂದೇ. ತಡಮಾಡದೆ ಆ ಮನುಷ್ಯನನ್ನು ಉಕ್ಕಿನ ಚೇಂಬರಿನೊಳಗೆ ಮಲಗಿಸಿ, ಬಾಗಿಲು ಹಾಕಿ, ಗಾಳಿ ತುಂಬಿ, ಮತ್ತೆ ಆಳಕ್ಕೆ ಇಳಿಸಿದಷ್ಟೇ ಒತ್ತಡ ಕೊಟ್ಟು ಗುಳ್ಳೆ ಕರಗಿಸಬೇಕು.

ಆವತ್ತು ಬಂದರಿನ ತಳದಲ್ಲಿ ಬಿದ್ದಿದ್ದ ಲಂಗರಿಗೆ ಸರಪಳಿ ಕಟ್ಟಲು ತಮ್ಮ ಇಳಿದಿದ್ದ. ದಡದ ಮೇಲೆ ನಿಂತು ಕೆಲಸ ನಡೆಸುತ್ತಿದ್ದ ಅಧಿಕಾರಿಗೆ ಡೈವರುಗಳು ಇಟ್ಟ ಅಡ್ಡಹೆಸರು ಗುಡುಗು. ಅವನು ಪಿಸುಗುಟ್ಟಿದರೂ ಆಚೆ ಹಡಗಿನವರಿಗೆ ಕೇಳುತ್ತಿತ್ತು. ಲಂಗರು ಏಳುವುದನ್ನು ನೋಡಲು ದೊಡ್ಡವರು ಬಂದು ಕುರ್ಚಿಯಲ್ಲಿ ಕೂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಗುಡುಗಿಗೆ ತಾಳ್ಮೆ ಕೆಟ್ಟಿತು. ಹುಡುಗನನ್ನು ದಾರಿಯಲ್ಲಿ ತಡೆಯಬೇಕಾದಲ್ಲಿ ತಡೆಯಲು ಬಿಡದೆ, ಹಗ್ಗ ಜಗ್ಗಿಸಿ, ಮೀನು ಎಳೆದ ಹಾಗೆ ನೇರ ಮೇಲಕ್ಕೆ ಎಳೆಸಿಬಿಟ್ಟ.

ಮೇಲೆ ಬಂದ ತಮ್ಮ ಹಡಗು ಕಟ್ಟುವ ಜೆಟ್ಟಿಯ ಮೇಲೆ ನಿಂತ, ತೂರಾಡಿದ. "ಸಾರ್, ಕಾಲು ಯಾಕೋ ನಂದಲ್ಲ ಅನ್ನಿಸ್ತಿದೆ. ಚೇಂಬರಿಗೆ ಹಾಕಿ" ಅಂದ. ಚೇಂಬರಿಗೆ ಹಾಕಿದರೆ ಹಗ್ಗ ಎಳೆಸಿದ್ದು ಯಾರು ಎಂಬ ಪ್ರಶ್ನೆ ಬರುತ್ತದಲ್ಲ! ಗುಡುಗು ಒಮ್ಮೆ ಕುರ್ಚಿಗಳ ಕಡೆ ನೋಡಿದ, ಒಮ್ಮೆ ಹುಡುಗನ ಕಡೆ ನೋಡಿದ. ಆಮೇಲೆ ಇಡೀ ಬಂದರಿಗೆ ಕೇಳುವ ಹಾಗೆ, "ಕುಡಿದು ನೀರಿಗಿಳಿದಿದ್ದೀಯೇನೋ, ನಾಚಿಕೆಗೆಟ್ಟವನೇ? ನಡಿ, ಈ ಗೆರೆ ಮೇಲೆ ನಡಿ ನೋಡೋಣ!" ಎಂದು ಗುಡುಗಿದ. ಜೆಟ್ಟಿಯ ಅಂಚಿಗುಂಟ ಯಾರೂ ದಾಟಬಾರದೆಂದು ಬಳಿದ ಹಳದಿ ಗೆರೆ ಅದು. ತಮ್ಮ ನಡೆದ, ಬಿದ್ದ. ಎದ್ದು ಮತ್ತೆ ನಡೆದ, ಮತ್ತೆ ಬಿದ್ದ. ಕುರ್ಚಿಯಲ್ಲಿದ್ದವರು ನಕ್ಕರು. ಎತ್ತಿಕೊಂಡು ಹೋಗಿ ಲಾಕಪ್ಪಿಗೆ ಹಾಕಿದರು. ಬೆಳಿಗ್ಗೆ ಬಾಗಿಲು ತೆಗೆದಾಗ ಸೊಂಟದ ಕೆಳಗೆ ಅವನಿಗೆ ಸ್ವಾಧೀನವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿ, ಕೊನೆಗೆ ಕುಡುಕ ಎಂದು ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸಿದರು.

ಕಾಲು ಹೋದದ್ದನ್ನು ತಮ್ಮ ಹೇಗೋ ನುಂಗಿಕೊಂಡ. ಅವನಿಗೆ ನುಂಗಲಾಗದ್ದು ಇನ್ನೊಂದಿತ್ತು. ಆಸ್ಪತ್ರೆಯ ಮಂಚದ ಪಕ್ಕ ಕೂತ ಅಮ್ಮ, ಅವನ ತಲೆ ಸವರುತ್ತಾ, ಮೆಲ್ಲಗೆ, "ಕುಡಿದಿದ್ದೇನೋ ಕಂದಾ?" ಎಂದು ಒಂದು ಸಲ ಕೇಳಿದ್ದಳು. ಇಲ್ಲಮ್ಮ ಅಂದ. ಅಮ್ಮ ಹೂಂ ಅಂದಳು. ಆ ಹೂಂ ಎಂಥದ್ದೆಂದು ಮಕ್ಕಳಿಬ್ಬರಿಗೂ ಗೊತ್ತಾಯಿತು. ಅಮ್ಮ ಆ ಹೂಂ ಇಟ್ಟುಕೊಂಡೇ ಕಣ್ಣು ಮುಚ್ಚಿದಳು. ಆ ಹೂಂ ಕೇಳಿದಂದಿನಿಂದ ಕೆಮ್ಮಿನ ಔಷಧಿಯನ್ನೂ ತಮ್ಮ ಮುಟ್ಟುವುದಿಲ್ಲ. ಅದರಲ್ಲಿ ಸ್ಪಿರಿಟ್ ಇರುತ್ತದಂತೆ. ಚಳಿಗಾಲ ಪೂರ್ತಿ ಎದೆ ಒಡೆಯುವ ಹಾಗೆ ಕೆಮ್ಮುತ್ತಾನೆ, ಬಿಸಿನೀರು ಕುಡಿಯುತ್ತಾನೆ, ಗಾಲಿಕುರ್ಚಿಯಲ್ಲಿ ಕೂತು ಹೊಲಿಗೆ ಮಿಷನ್ನುಗಳನ್ನು ರಿಪೇರಿ ಮಾಡುತ್ತಾನೆ.

ಅಕ್ಕ ಆಗ ವೈದ್ಯಕೀಯ ಓದುತ್ತಿದ್ದಳು. ಮಕ್ಕಳ ಡಾಕ್ಟರಾಗಿ ನಾಲ್ಕು ಬೀದಿ ಸೇರುವಲ್ಲಿ ಒಂದು ಚಿಕ್ಕ ಕ್ಲಿನಿಕ್ ಇಡುವ ಆಸೆ ಇತ್ತು. ಅದನ್ನು ಮಡಚಿಟ್ಟು ನೌಕಾಪಡೆ ಸೇರಿದಳು. ಡೈವಿಂಗ್ ವೈದ್ಯವೇ ಬೇಕೆಂದು ಪಟ್ಟು ಹಿಡಿದಳು. ಕಲಿಸುವ ಮೇಷ್ಟ್ರು, "ನಿನಗ್ಯಾಕಮ್ಮ ಈ ಉಸಾಬರಿ? ಆ ಡಬ್ಬಿಯೊಳಗೆ ಕೂತು ಕಿವಿ ಒಡಕೊಳ್ಳೋ ಕೆಲಸ" ಎಂದು ಮೂಗು ಮುರಿದರು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಚೇಂಬರಿನ ಒತ್ತಡದಲ್ಲಿ ಕೂತು ಮೂಗು ಹಿಡಿದು ಕಿವಿಗೆ ಗಾಳಿ ಊದಿದಳು, ಮುಳುಗಿದಳು, ವಾಂತಿ ಮಾಡಿಕೊಂಡಳು, ಮತ್ತೆ ಮುಳುಗಿದಳು. ಆಳದ ಒತ್ತಡದಲ್ಲಿ ಸಿಳ್ಳೆ ಹಾಕಲು ಬರುವುದಿಲ್ಲ ಎಂದು ತಮ್ಮ ಹಿಂದೊಮ್ಮೆ ಹೇಳಿದ್ದ. ಮೊದಲ ದಿನ ಚೇಂಬರಿನಲ್ಲಿ ತುಟಿ ಚೂಪು ಮಾಡಿ ನೋಡಿದಳು, ಬರೀ ಉಸಿರು ಬಂತು. ಅಲ್ಲೇ ಅತ್ತಳು, ಯಾರೂ ನೋಡಲಿಲ್ಲ.

ಅವಳ ಲೆಕ್ಕಾಚಾರ ಸರಳ. ಪ್ರತಿಯೊಬ್ಬ ಡೈವರನ್ನೂ, ಅವನು ಎಷ್ಟೇ ದೊಡ್ಡ ಅಧಿಕಾರಿಯಾಗಲಿ, ವರ್ಷಕ್ಕೊಮ್ಮೆ ಡಾಕ್ಟರು ಪರೀಕ್ಷಿಸಿ ನೀರಿಗಿಳಿಯಲು ಯೋಗ್ಯನೋ ಅಲ್ಲವೋ ಹೇಳಬೇಕು. ಗುಡುಗಿಗೆ ನೀರೇ ಪ್ರಾಣ. ನೀರಿನಿಂದ ಅವನನ್ನು ಕಿತ್ತು ದಡಕ್ಕೆ ಎಸೆಯಬೇಕು! ಅಷ್ಟು ಹೊತ್ತಿಗೆ ಅವನು ಅದೇ ಬಂದರಿನ ಡೈವಿಂಗ್ ಶಾಲೆಯ ಮುಖ್ಯಸ್ಥನಾಗಿದ್ದ. ಅವಳು ಅದೇ ಶಾಲೆಯ ಡಾಕ್ಟರಾಗಿ ಬಂದಳು. ತಾನು ಯಾರ ಅಕ್ಕ ಎಂದು ಯಾರಿಗೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಆದರೆ ಅವಳ ಬೇಳೆ ಬೇಯಲಿಲ್ಲ. ಆಸಾಮಿ ಗುಂಡುಕಲ್ಲು. ಕಿವಿಯೊಳಗೆ ದೀಪ ಬಿಟ್ಟು ನೋಡಿದಳು, ಒಳಗಿನ ತಮಟೆ ತೊಳೆದಿಟ್ಟ ಹಾಗಿತ್ತು. ಎದೆಗೆ ಕೊಳವೆ ಇಟ್ಟಳು, ಗೋಡೆ ಗಡಿಯಾರ ತಪ್ಪೀತು, ಆ ಗುಂಡಿಗೆ ತಪ್ಪದು. ಹಲ್ಲಿನ ಸಂದು, ಮೂಗಿನ ಹೊಳ್ಳೆ, ಶ್ವಾಸಕೋಶದ ಮೂಲೆ ಮೂಲೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಕೊನೆಗೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಕೈ ಕಟ್ಟಿ, ಕಣ್ಣು ಮುಚ್ಚಿ ನಿಲ್ಲಿಸುವ ಪರೀಕ್ಷೆ. ನರದಲ್ಲಿ ಐಬಿದ್ದವರು ಅದರಲ್ಲಿ ತೂಗಾಡುತ್ತಾರೆ. ಇವನು ಕಂಬದ ಹಾಗೆ ನಿಂತು, ಕಣ್ಣು ಮುಚ್ಚಿಕೊಂಡೇ, "ಸಾಕಾ ಡಾಕ್ಟರಮ್ಮ? ಇಲ್ಲೇ ಒಂದು ನಿದ್ದೆ ತೆಗೀಲಾ?" ಎಂದು ನಗುತ್ತಿದ್ದ. ಅವಳು ಹಲ್ಲು ಕಡಿದು 'ಯೋಗ್ಯ' ಎಂದು ಸಹಿ ಹಾಕುತ್ತಿದ್ದಳು.

ಹೀಗೆ ಒಬ್ಬನನ್ನು ಬೇಟೆಯಾಡುತ್ತಾ ಆಡುತ್ತಾ ಅವಳ ಕಣ್ಣು ಎಷ್ಟು ಚುರುಕಾಯಿತೆಂದರೆ, ಬೇರೆ ಡೈವರುಗಳ ಕೂದಲೆಳೆಯಷ್ಟು ದೋಷವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎಷ್ಟೋ ಮಂದಿ ಅವಳಿಂದ ಬದುಕಿದರು. ದೇವತೆ ಅಂದರು. ದೇವತೆಗೆ ತನ್ನ ಹೊಟ್ಟೆಯ ಉರಿ ಗೊತ್ತಿತ್ತು.

ಪ್ರತಿ ವರ್ಷ ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ತಮ್ಮ ಮಿಷನ್ನಿನಿಂದ ತಲೆ ಎತ್ತುತ್ತಿದ್ದ.

"ಸಿಕ್ಕಿದ್ನಾ ಅಕ್ಕ?"

"ಇಲ್ಲ ಕಣೋ. ಕೋಣ ಇದ್ದ ಹಾಗಿದ್ದಾನೆ."

"ಹಲ್ಲು ನೋಡಿದ್ಯಾ?"

"ನೋಡಿದೆ."

"ಮತ್ತೆ ಇಷ್ಟು ವರ್ಷ ಏನು ಓದಿದ್ದು ನೀನು, ಕತ್ತೆ ಕಾಯ್ತಿದ್ಯಾ?" ಎಂದು ರೇಗಿಸಿ, ಮತ್ತೆ ಮಿಷನ್ನಿಗೆ ಎಣ್ಣೆ ಬಿಡುತ್ತಾ, "ಸುಳ್ಳೇ ಬರೆದುಬಿಡಬಹುದಲ್ಲ?" ಎನ್ನುತ್ತಿದ್ದ.

"ಸುಳ್ಳು ಹೇಳಿದ್ರೆ ಅವನಿಗೂ ನನಗೂ ಏನೋ ವ್ಯತ್ಯಾಸ?"

"ಅದೂ ನಿಜವೇ. ನನಗೆ ಅವನ ಕಾಲು ಹೋಗೋದು ಬೇಡ ಅಕ್ಕ. ಅವನ ಬಾಯಿಂದ ಒಂದು ಮಾತು ಬೇಕು. ನೀನು ಕುಡಿದಿರಲಿಲ್ಲ ಅಂತ. ಎಲ್ಲರ ಮುಂದೆ."

"ನನಗೆ ಕಾಲೂ ಹೋಗಬೇಕು" ಎನ್ನುತ್ತಿದ್ದಳು ಅಕ್ಕ. ಹೇಳಿ ಅನ್ನ ಕಲಸಿಕೊಳ್ಳುತ್ತಿದ್ದಳು.

ಹೀಗೇ ನಡೆದು ಗುಡುಗು ನಿವೃತ್ತಿಯಾಗುವ ದಿನ ಬಂದೇಬಿಟ್ಟಿತು. ಡಾಕ್ಟರಮ್ಮನಿಗೆ ಬೆಳಗಿನಿಂದ ಮೈಯೆಲ್ಲ ಕಹಿ. ಇಷ್ಟು ವರ್ಷ ಕಾದು, ಕೊನೆಗೆ ಅವನು ಹಾರ ಹಾಕಿಸಿಕೊಂಡು ಹೋಗುವುದನ್ನು ನೋಡಬೇಕಲ್ಲ! ಆ ಶಾಲೆಯಲ್ಲಿ ಒಂದು ಪದ್ಧತಿ. ಹೋಗುವವನು ಕೊನೆಯದಾಗಿ ಒಮ್ಮೆ ನೀರಿಗಿಳಿದು, ತಳದಿಂದ ಒಂದು ಹಿಡಿ ಕೆಸರು ತಂದು ಜೆಟ್ಟಿಯ ಮೇಲೆ ಇಡಬೇಕು. ಅಲ್ಲೇ ಪೆಂಡಾಲಿನಲ್ಲಿ ಊಟ, ಗಾಜಿನ ಲೋಟಗಳು, ಗುಡುಗಿನ ಹೆಂಡತಿ, ದೊಡ್ಡವರ ಕುರ್ಚಿಗಳು. ಗುಡುಗು ಎಲ್ಲರ ಬೆನ್ನು ತಟ್ಟಿ, ನಕ್ಕು, ನೀರಿಗಿಳಿದ. ಕೊನೆಯ ಸಲವಲ್ಲವೇ, ತಳದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುತ್ತಾಡಿದ. ಮೇಲೆ ವಾದ್ಯದವರು ಶುರು ಮಾಡಿದ್ದು ನೀರೊಳಗೂ ಕೇಳಿಸಿರಬೇಕು. ತಡೆಯಬೇಕಾದಲ್ಲಿ ತಡೆಯದೆ ನೇರ ಬಂದುಬಿಟ್ಟ. ಹುಡುಗರಿಗೆ ಜೀವಮಾನವಿಡೀ ಬೈದು ಕಲಿಸಿದ ಪಾಠವನ್ನು ಮೇಷ್ಟ್ರೇ ಮರೆತ.

ಕೆಸರು ಹಿಡಿದ ಕೈ ಎತ್ತಿದ. ಜನ ಚಪ್ಪಾಳೆ ತಟ್ಟಿದರು. ಎರಡು ಹೆಜ್ಜೆ ಇಟ್ಟ, ತೂರಾಡಿದ. ತಾನೇ ನಕ್ಕ. ಇನ್ನೊಂದು ಹೆಜ್ಜೆ ಇಟ್ಟು ಹಳದಿ ಗೆರೆಯ ಮೇಲೆಯೇ ಮಂಡಿಯೂರಿದ. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು.

"ಸಾಹೇಬ್ರು ಊಟದಲ್ಲಿ ಜಾಸ್ತಿನೇ ಹಾಕಿಬಿಟ್ಟಿದ್ದಾರೆ."

"ಕುಡಿದು ಇಳಿದ್ರಾ? ಅಯ್ಯೋ, ಅದೂ ಮುಖ್ಯಸ್ಥರಾಗಿ!"

"ಒಳಗೆ ಮಲಗಿಸಿ, ಅಮಲು ಇಳೀಲಿ."

ಡಾಕ್ಟರಮ್ಮ ಪೆಂಡಾಲಿನ ಕಂಬ ಹಿಡಿದು ನಿಂತಿದ್ದಳು. ಮೊದಲ ಹೆಜ್ಜೆಯಲ್ಲೇ ಅವಳಿಗೆ ಗೊತ್ತಾಗಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಬೇರೇನೂ ಮಾಡಬೇಕಿರಲಿಲ್ಲ. ಜನರೇ ಅವನನ್ನು ಮಲಗಿಸುತ್ತಿದ್ದರು, ಬೆಳಗಾಗುವಷ್ಟರಲ್ಲಿ ಕಾಲು ಹೋಗುತ್ತಿತ್ತು. ಮಲಗಲಿ, ಅಂದುಕೊಂಡಳು. ನಿಜವಾಗಿ ಅಂದುಕೊಂಡಳು, ಮುಚ್ಚಿಡುವುದೇಕೆ? ಉಗುಳು ನುಂಗುವಷ್ಟು ಹೊತ್ತು ಆ ಸುಖ ಅನುಭವಿಸಿದಳು. ಆಮೇಲೆ ಹೊಳೆಯಿತು, ಇವನು ಗಾಲಿಕುರ್ಚಿಯಲ್ಲಿ ಕೂತರೆ ಊರೆಲ್ಲ ಅಯ್ಯೋ ಪಾಪ ಎನ್ನುತ್ತದೆ. ತಮ್ಮನಿಗೆ ಸಿಗದ ಅಯ್ಯೋ ಪಾಪ ಇವನಿಗೇಕೆ ಸಿಗಬೇಕು?

"ಚೇಂಬರ್ ತೆಗೀರಿ!" ಎಂದು ಕಿರುಚಿದಳು. "ಮಲಗಿಸಿ ಎತ್ತಿಕೊಂಡು ಬನ್ನಿ. ಬೇಗ!" ಕುಡಿದಿಲ್ಲ ಎಂಬ ಮಾತನ್ನು ಮಾತ್ರ ಆಡಲಿಲ್ಲ. ರಕ್ತ ತೆಗೆದು ನೋಡಬಹುದಿತ್ತಲ್ಲ ಎನ್ನುತ್ತೀರಿ. ತೆಗೆಯಬೇಕಾದವಳು ಅವಳೇ, ತೆಗೆಯಲಿಲ್ಲ. ರೋಗಿಯ ಜೊತೆ ಒಳಗೆ ಒಬ್ಬರು ಕೂರಬೇಕು. "ನಾನೇ ಹೋಗ್ತೀನಿ" ಅಂದಳು. ಉಕ್ಕಿನ ಬಾಗಿಲು ಮುಚ್ಚಿತು. ಒತ್ತಡ ಇಳಿಸುವವರೆಗೆ ಆ ಬಾಗಿಲನ್ನು ಯಾರಿಂದಲೂ ತೆಗೆಯಲಾಗದು.

ಗಾಳಿ ಭೋರೆಂದು ನುಗ್ಗಿ, ಬಿಸಿಯಾಗಿ, ನಿಂತಿತು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ ಮಲಗಿಸಿದಳು. ನಡುನಡುವೆ ಸ್ವಲ್ಪ ಹೊತ್ತು ಮಾಸ್ಕ್ ತೆಗೆಯಬೇಕು, ಆಗ ಮಾತ್ರ ರೋಗಿ ಮಾತಾಡಬಹುದು. ಮೊದಲ ಸಲ ತೆಗೆದಾಗ ಗುಡುಗು ಬಾಯಿ ತೆರೆದ. ಒತ್ತಡದ ಗಾಳಿಯಲ್ಲಿ ಆ ದನಿ ಸೊಳ್ಳೆಯ ದನಿಯಾಗಿತ್ತು.

"ಡಾಕ್ಟರಮ್ಮ, ಹೊರಗೆ ಏನೇನೋ ಅಂತಿದ್ರು. ನಾನು ಒಂದು ತೊಟ್ಟೂ ಕುಡಿದಿಲ್ಲ. ಅವರಿಗೆ ಹೇಳಿ."

ಅವಳು ಬಗ್ಗಿ ಅವನ ಉಸಿರು ಮೂಸಿದಳು. ರಬ್ಬರು, ಉಪ್ಪುನೀರು, ಅಷ್ಟೇ. ನಿಜವಾಗಿ ಕುಡಿದಿರಲಿಲ್ಲ.

"ನನ್ನ ತಮ್ಮನೂ ಹಾಗೇ ಹೇಳಿದ್ದ" ಅಂದಳು.

"ಯಾವ ತಮ್ಮ?"

ಇಷ್ಟು ವರ್ಷ ತಾನು ಹೊತ್ತುಕೊಂಡು ತಿರುಗಿದ್ದು ಇವನ ನೆನಪಿನಲ್ಲೇ ಇಲ್ಲ! "ಲಂಗರು ಕಟ್ಟೋಕೆ ಇಳಿದಿದ್ದವನು. ನೀವು ಹಗ್ಗ ಎಳೆಸಿದವನು. ಗೆರೆ ಮೇಲೆ ನಡೆಸಿದವನು" ಎಂದು, ಒಂದೊಂದೇ ಮಾತು ಕಲ್ಲು ಇಟ್ಟ ಹಾಗೆ ಇಟ್ಟಳು. ಅವನ ಕಣ್ಣುಗಳು ಮೆಲ್ಲಗೆ ಅಗಲವಾದವು. ಅವಳು ಮಾಸ್ಕ್ ಎಳೆದು ಕಟ್ಟಿಬಿಟ್ಟಳು.

ಹೊರಗೆ ಚೇಂಬರ್ ನಡೆಸುವವನು ಒಳಗಿನ ಮಾತನ್ನು ಸ್ಪೀಕರಿನಲ್ಲಿ ಕೇಳುತ್ತಲೇ ಇರಬೇಕು, ಅದು ನಿಯಮ. ಹಳೆಯ ಮನುಷ್ಯ, ತಮ್ಮ ಬಿದ್ದ ದಿನವೂ ಜೆಟ್ಟಿಯ ಮೇಲೆ ಇದ್ದವನು. ಲಂಗರಿನ ಮಾತು ಬಂದೊಡನೆ ಸುಮ್ಮನೆ ಕೈ ಚಾಚಿ ದನಿ ಏರಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿದ್ದ. ಪೆಂಡಾಲಿನಿಂದ ಬಂದು ನಿಂತವರೆಲ್ಲ ಅಷ್ಟನ್ನೂ ಕೇಳಿಸಿಕೊಂಡಿದ್ದರು.

ಒಳಗೆ ಅವಳು ಸೂಜಿಯಿಂದ ಅವನ ಪಾದ ಚುಚ್ಚಿ ಚುಚ್ಚಿ ನೋಡುತ್ತಿದ್ದಳು. ಮೊದಲು ಗೊತ್ತಾಗುತ್ತಿರಲಿಲ್ಲ. ಆಮೇಲೆ ಹೆಬ್ಬೆರಳು ಕದಲಿತು. ಆಮೇಲೆ ಪಾದ. ಜೀವ ಬಂದ ಒಂದೊಂದು ಬೆರಳಿಗೂ ಅವಳ ಹೊಟ್ಟೆ ಉರಿಯಿತು. ತಮ್ಮನಿಗೆ ಬರಬೇಕಾಗಿದ್ದದ್ದು ಇವನಿಗೆ ಬರುತ್ತಿದೆ, ಅದೂ ತನ್ನದೇ ಕೈಯಿಂದ. ಕಣ್ಣೀರು ಸುರಿಯಿತು, ಒರೆಸಿಕೊಳ್ಳಲಿಲ್ಲ, ಚುಚ್ಚುತ್ತಲೇ ಇದ್ದಳು.

ಮುಂದಿನ ಸಲ ಮಾಸ್ಕ್ ತೆಗೆದಾಗ ಗುಡುಗು ಮಾತಾಡುವ ಮೊದಲೇ ಸ್ಪೀಕರ್ ಮಾತಾಡಿತು. ಅವನ ಹೆಂಡತಿ. ಗುಂಡು ಕಿಟಕಿಯಲ್ಲಿ ಮುಖ ಇಟ್ಟು, ಮೆಲ್ಲಗೆ ಕೇಳಿದಳು.

"ರೀ, ನಿಜ ಹೇಳಿ, ಕುಡಿದಿದ್ರಾ?"

"ಇಲ್ಲ ಕಣೇ!"

"ಹೂಂ" ಅಂದಳು ಹೆಂಡತಿ.

ಡಾಕ್ಟರಮ್ಮನಿಗೆ ಆ ಹೂಂ ಚೆನ್ನಾಗಿ ಪರಿಚಯ. ಹೆಂಡತಿ ಕಿಟಕಿಯಿಂದ ಸರಿದು ಹೋದಳು, ಹೊರಗಿನವನು ದನಿಯ ಗುಂಡಿಯನ್ನು ಮತ್ತೆ ಇಳಿಸಿದ. ಗುಡುಗು ಡಾಕ್ಟರಮ್ಮನ ಕಡೆ ತಿರುಗಿದ.

"ಅವಳು ನಂಬಲಿಲ್ಲ."

"ನಮ್ಮಮ್ಮನೂ ನಂಬಲಿಲ್ಲ. ನಂಬದೇನೇ ಸತ್ತಳು."

"ನೀವು ಹೇಳಿದ್ರೆ ನಂಬ್ತಾಳೆ. ನೀವು ಹೇಳಿದ್ರೆ ಎಲ್ಲರೂ ನಂಬ್ತಾರೆ. ನನ್ನ ಉಸಿರು ನೋಡಿದವರು ನೀವೊಬ್ಬರೇ."

"ಹೌದು, ನಾನೊಬ್ಬಳೇ" ಅಂದಳು. "ನಾಳೆ ದೊಡ್ಡ ಸಾಹೇಬರು ಬಂದು ಕೇಳ್ತಾರೆ. ಒಂದೇ ಮಾತು, ಇಬ್ಬರಿಗೆ ಬೇಕು. ಅವನದ್ದು ನಿಮ್ಮ ಬಾಯಲ್ಲಿದೆ, ನಿಮ್ಮದು ನನ್ನ ಬಾಯಲ್ಲಿ. ಅವನು ಮೊದಲಿಂದ ಕಾಯ್ತಿದ್ದಾನೆ. ಅವನ ಸರದಿ ಮೊದಲು."

"ಇದು ಬೆದರಿಕೆ."

"ಹೌದು. ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ. ನೀವು ಹೇಳಿ, ಬಿಡಿ, ನಿಮ್ಮ ಕಾಲು ನಿಮಗೆ ಪೂರ್ತಿ ಬರೋವರೆಗೂ ನಾನು ಇಲ್ಲಿಂದ ಏಳೋದಿಲ್ಲ. ಮರ್ಯಾದೆ ಮಾತ್ರ ನೀವೇ ಸಂಪಾದಿಸ್ಕೊಳ್ಳಿ." ಮತ್ತೆ ಮಾಸ್ಕ್ ಕಟ್ಟಿದಳು.

ಸಂಜೆ ಬಾಗಿಲು ತೆರೆಯಿತು. ಅವನನ್ನು ವಾರ್ಡಿಗೆ ಕರೆದೊಯ್ದರು.

ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬರು ವಿಚಾರಣೆಗೆ ಬಂದರು. ಚಿಕಿತ್ಸೆಯ ನಂತರ ನಡಿಗೆ ಪರೀಕ್ಷೆ ಮಾಡಬೇಕು, ಜೆಟ್ಟಿಯ ಮೇಲೇ ಮಾಡುತ್ತೇನೆ ಅಂದಳು ಡಾಕ್ಟರಮ್ಮ. ಡೈವರುಗಳೆಲ್ಲ ಸಾಲಾಗಿ ನಿಂತರು, ಗುಡುಗಿನ ಹೆಂಡತಿ ಸೆರಗು ಬಿಗಿಹಿಡಿದು ನಿಂತಳು. ಹಳದಿ ಗೆರೆಯ ಆ ತುದಿಯಲ್ಲಿ ಗಾಲಿಕುರ್ಚಿ. ಅದರಲ್ಲಿ ತಮ್ಮ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಮ್ಮುತ್ತಾ.

"ನಡೀರಿ" ಅಂದಳು.

ಗುಡುಗು ನಡೆದ. ಹಿಮ್ಮಡಿಗೆ ಬೆರಳು ತಾಗಿಸಿ, ಒಂದು ಹೆಜ್ಜೆಯೂ ಗೆರೆ ಬಿಡದೆ. ಡಾಕ್ಟರಮ್ಮ ಅವನ ಮುಖ ನೋಡಲಿಲ್ಲ. ಆ ಕಾಲುಗಳನ್ನೇ ನೋಡುತ್ತಿದ್ದಳು, ಅವು ಮುರಿಯಲಿ ಎಂದು ಇನ್ನೂ ಬಯಸುತ್ತಿದ್ದಳು. ಅವು ಮುರಿಯಲಿಲ್ಲ. ಗೆರೆ ಮುಗಿಯಿತು. ಗುಡುಗು ಗಾಲಿಕುರ್ಚಿಯ ಮುಂದೆ ನಿಂತ, ತುಟಿ ಅಲುಗಿತು.

"ನೀನು ಕುಡಿದಿರಲಿಲ್ಲ."

ತಮ್ಮ ಕತ್ತೆತ್ತಿ ಅವನನ್ನು ನೋಡಿದ. "ಜೋರಾಗಿ ಹೇಳಿ ಸಾರ್. ಅವತ್ತು ಜೋರಾಗಿ ಹೇಳಿದ್ರಿ."

ಗುಡುಗು ದೊಡ್ಡ ಸಾಹೇಬರ ಕಡೆ ತಿರುಗಿದ, ಉಸಿರು ತುಂಬಿಕೊಂಡ. "ಈ ಹುಡುಗ ಆವತ್ತು ಕುಡಿದಿರಲಿಲ್ಲ! ಹಗ್ಗ ಎಳೆಸಿದ್ದು ನಾನು. ತಪ್ಪು ಮುಚ್ಚೋಕೆ ಸುಳ್ಳು ಹೇಳಿದ್ದೂ ನಾನು!" ಆಚೆ ಹಡಗಿನ ಮೇಲೆ ಬಟ್ಟೆ ಒಣಗಿಸುತ್ತಿದ್ದವರೂ ತಿರುಗಿ ನೋಡಿದರು.

"ಇನ್ನೊಂದು ಸಲ" ಅಂದ ತಮ್ಮ.

ಗುಡುಗು ಇನ್ನೊಂದು ಸಲ ಹೇಳಿದ. ಅಷ್ಟರಲ್ಲಿ ದನಿ ಒಡೆದಿತ್ತು.

ದೊಡ್ಡ ಸಾಹೇಬರು ಡಾಕ್ಟರಮ್ಮನತ್ತ ನೋಡಿದರು. "ಮತ್ತೆ ನಿನ್ನೆ ಇವರು? ನೀವು ಏನು ಹೇಳ್ತೀರಿ?"

ಅವಳು ತಡೆದಳು. ಎಷ್ಟು ತಡೆದಳೆಂದರೆ ಗುಡುಗಿನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಕಾಯುವುದು ಎಂಥದ್ದೆಂದು ಅವರಿಗೂ ಸ್ವಲ್ಪ ಗೊತ್ತಾಗಲಿ.

"ಇವರೂ ಕುಡಿದಿರಲಿಲ್ಲ ಸಾರ್" ಅಂದಳು ಕೊನೆಗೆ. "ಆದರೆ ಇನ್ನು ಯಾವತ್ತೂ ನೀರಿಗೆ ಇಳಿಯೋ ಹಾಗಿಲ್ಲ. ಈಜೋಕೂ ಡಾಕ್ಟರನ್ನ ಕೇಳಬೇಕು. ನನ್ನನ್ನ." ಕಡೆಯ ಮಾತು ಯಾವ ನಿಯಮದಲ್ಲೂ ಇರಲಿಲ್ಲ. ಯಾರೂ ತಕರಾರು ಮಾಡಲಿಲ್ಲ.

ತಮ್ಮನನ್ನು ಎತ್ತಿ ಕಾರಿನಲ್ಲಿ ಕೂರಿಸಿ, ಗಾಲಿಕುರ್ಚಿ ಮಡಚಿ ಹಿಂದೆ ಹಾಕಿ ಹೊರಟಳು. ಹಾಲಿನ ಅಂಗಡಿ ದಾಟಿತು, ಶಾಲೆ ದಾಟಿತು. ತಮ್ಮನಿಗೆ ಕೆಮ್ಮು ಒತ್ತರಿಸಿ ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿತು.

"ಅಕ್ಕ, ಆ ಔಷಧಿ ಅಂಗಡಿ ಹತ್ರ ಸ್ವಲ್ಪ ನಿಲ್ಸು."

"ಯಾಕೋ, ಏನಾಯ್ತು?"

"ಏನಿಲ್ಲ" ಅಂದ ತಮ್ಮ, ಕಿಟಕಿಯ ಆಚೆ ನೋಡುತ್ತಾ. "ಕೆಮ್ಮಿಗೆ ಒಂದು ಬಾಟ್ಲಿ ತಗೋ."